ಏನಿಲ್ಲ, ಹೋಗಿ

ದಿಬ್ಬಣದಲ್ಲಿ ಎಲ್ಲರ ಕಾರೂ ಮಿನುಗಿದವು,
ಹಾರ್ನ್ ಹೊಡೆಯುತ್ತ ಸೇತುವೆ ದಾಟಿದವು.
ಊಟದ ಮನೆಯೆದುರು ಎಲ್ಲರ ಕಾರೂ ಸುಮ್ಮನಾದವು,
ನನ್ನದೊಂದು ಬಿಟ್ಟು.

ಕೆಂಪು ತ್ರಿಕೋನದ ಗುಂಡಿ ಒತ್ತಿದೆ. ಟಿಕ್ ಟಕ್.
ಮತ್ತೆ ಒತ್ತಿದೆ, ಉಗುರಲ್ಲಿ ಕೆರೆದೆ,
ಕೀಲಿ ಎಳೆದುಕೊಂಡೆ, ಬಾಗಿಲು ಬಡಿದೆ. ಟಿಕ್ ಟಕ್.
ಮುಂದಿನ ಸೀಟಿನಲ್ಲಿ ತಂಗಿಯ ಮೊಮ್ಮಗ
ಖಾಲಿ ಬಾಟಲಿ ತಬ್ಬಿ ಮಲಗಿದ್ದ,
ತುಟಿಯ ಮೇಲೆ ಹಸಿರು ಮೀಸೆ.
ಆಗ ನನಗೆ ಹೊಳೆಯಲಿಲ್ಲ.

ಜೆಸ್ತಾಫೋನಿ ಶಾಲೆಯಲ್ಲಿ ನಾನು ಭೂಗೋಳದ ಮೇಷ್ಟ್ರು, ಜುಂಬೆರ್.
ಇಪ್ಪತ್ತೆಂಟು ವರ್ಷದಿಂದ
ಸಭೆಯಲ್ಲಿ ಕೊನೆಯ ಸಾಲು, ಫೋಟೋದಲ್ಲಿ ಅರ್ಧ ಭುಜ.
ಜರ್ಮನಿಯಲ್ಲಿ ಯಾರೋ ಓಡಿಸಿ ಬಿಟ್ಟ ಗಾಲ್ಫ್ ಕೊಂಡದ್ದೂ
ಬಣ್ಣ ಬೂದು ಅಂತಲೇ.

ಆ ರಾತ್ರಿ ನಮ್ಮ ಬೀದಿಯ ಗೋಡೆಗಳೆಲ್ಲ
ಕಿತ್ತಳೆಯಾಗಿ ಕಪ್ಪಾಗಿ ಕಿತ್ತಳೆಯಾಗಿ ಕಪ್ಪಾಗಿ.
ಎಲ್ದಿನೋ ಅಜ್ಜಿ ಮಹಡಿಯಿಂದ ಕೂಗಿದಳು, "ಯಾರು ಹೋದರು?"
ಪಕ್ಕದ ಒತಾರ್ ಪೈಜಾಮದಲ್ಲೇ ಬಂದು ಫ್ಯೂಸ್ ಕಿತ್ತ,
ರೇಡಿಯೋ ಸತ್ತಿತು. ಇನ್ನೊಂದು ಕಿತ್ತ, ವೈಪರ್ ಸತ್ತಿತು.
ಮೂರನೆಯದನ್ನು ಕಿತ್ತು ಎಲ್ಲಿಟ್ಟನೆಂದು
ಇವತ್ತಿಗೂ ಅವನಿಗೆ ಗೊತ್ತಿಲ್ಲ.
ಕೊನೆಗೆ ಬ್ಯಾಟರಿಯ ತಂತಿ ಬಿಚ್ಚಿದೆವು.
ಕತ್ತಲು ಧೊಪ್ಪನೆ ಬಿತ್ತು.
ನಿದ್ದೆ ಬರಲಿಲ್ಲ.
ಟಿಕ್ ಟಕ್ ಈಗ ಕಿವಿಯೊಳಗಿತ್ತು.

ಬೆಳಿಗ್ಗೆ ತಂತಿ ಸಿಕ್ಕಿಸಿದ್ದೇ ತಡ,
ಬಿಟ್ಟಲ್ಲಿಂದಲೇ ಶುರು.
ಖಶೂರಿಯ ಬಾದ್ರಿ ಫೋನಿನಲ್ಲೇ ಆ ಸದ್ದು ಆಲಿಸಿ
"ಇಲ್ಲಿಗೇ ತಾ" ಅಂದ.
ರಿಕೋತಿ ಘಟ್ಟ ಹತ್ತಿದೆ, ಮಿನುಗುತ್ತ, ಬಲಗಡೆಗೆ ಅಂಟಿಕೊಂಡು.

ಮೊದಲು ಒಂದು ಟ್ರಕ್ ನಿಂತಿತು. "ಏನಾಯ್ತು?"
"ಏನಿಲ್ಲ, ಹೋಗಿ."
ಏನಿಲ್ಲ ಅಂದವನನ್ನು ಈ ನಾಡಿನಲ್ಲಿ ಯಾರು ನಂಬುತ್ತಾರೆ?
ಇಳಿದು ನಾಲ್ಕೂ ಚಕ್ರ ಒದ್ದು ನೋಡಿಯೇ ಹೋದ,
ಎಳೆಯುವ ಹಗ್ಗವನ್ನು ನನ್ನ ಡಿಕ್ಕಿಯಲ್ಲಿಟ್ಟು.
ಶ್ರೋಶಾದಲ್ಲಿ ಮಡಕೆ ಮಾರುವ ಹೆಂಗಸು
ನೀರಿನ ಕೊಡ ಹಿಡಿದು ಓಡಿ ಬಂದಳು:
"ರೇಡಿಯೇಟರಿಗೆ."
ಬೇಡವೆಂದೆ.
"ಹಾಗಾದರೆ ನಿನಗೆ."
ಕುಡಿದೆ. ಗಂಟಲು ಅಷ್ಟು ಒಣಗಿತ್ತೆಂದು ಗೊತ್ತೇ ಇರಲಿಲ್ಲ.
ಸುರಂಗದ ಬಾಯಲ್ಲಿ ಪೊಲೀಸಿನವನು
ಮುಖಕ್ಕೆ ಟಾರ್ಚ್ ಬಿಟ್ಟು, "ಎದೆ ನೋವಾ?" ಅಂದ.
ಅದನ್ನು ನನಗೆ ಯಾರೂ ಕೇಳಿರಲಿಲ್ಲ.
ಇಲ್ಲ ಅನ್ನಲು ಸ್ವಲ್ಪ ಹೊತ್ತು ಹಿಡಿಯಿತು.
ಸುರಾಮಿಯಲ್ಲಿ ಒಲೆಯ ಮುಂದಿನ ಹುಡುಗ
ಒಣದ್ರಾಕ್ಷಿ ಹುದುಗಿದ ಬಿಸಿ ನಾಜುಕಿ ರೊಟ್ಟಿ
ಕಿಟಕಿಯೊಳಗೆ ತೂರಿಸಿದ. ದುಡ್ಡು ಮುಟ್ಟಲಿಲ್ಲ:
"ಗಾಡಿ ಕೆಟ್ಟವರ ಹತ್ರ ನಮ್ಮಪ್ಪ ತಗೊಳ್ಳಲ್ಲ."

ಬಾದ್ರಿ ಗಾಳಿಕಿಂಡಿಯ ಚೌಕಟ್ಟು ಎಬ್ಬಿಸಿ
ಹಲ್ಲು ಕಿತ್ತ ಹಾಗೆ ಗುಂಡಿ ಕಿತ್ತ.
"ಈ ಜಾತಿಗೆ ಮಿನುಗಿಸುವ ರಿಲೇ ಗುಂಡಿಯ ಹೊಟ್ಟೆಯೊಳಗೇ.
ಮೂಸಿ ನೋಡು."
ಮೂಸಿದೆ. ತಾರ್ಖೂನಾ.
ಹಸಿರು ಶರಬತ್ತು ಒಳಗಿಳಿದು, ಒಣಗಿ, ಪಾಕವಾಗಿ
ಎರಡು ಸಣ್ಣ ತಗಡುಗಳನ್ನು ತಬ್ಬಿಸಿಬಿಟ್ಟಿತ್ತು.
ಮದುವೆ ಅಲ್ಲೂ ಆಗಿತ್ತು.
ತುಕ್ಕಿನ ಡಬ್ಬ ತಡಕಿ ಬೇರೊಂದು ಗುಂಡಿ ಕೂರಿಸಿದ,
ಒಂದು ಊಟದಷ್ಟು ದುಡ್ಡಿಗೆ.
"ಹಳೆಯದು ಬೇಕಾ?"
ಯಾಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ.

ವಾಪಸು ಬರುವಾಗ ರಸ್ತೆಯ ಪಾಡಿಗೆ ರಸ್ತೆ.
ಹುಡುಗ ಒಲೆಯಿಂದ ತಲೆ ಎತ್ತಲಿಲ್ಲ.
ಪೊಲೀಸಿನವನು ಸೇಬು ತಿನ್ನುತ್ತಿದ್ದ.
ಶ್ರೋಶಾದಲ್ಲಿ ಬೇಕೆಂದೇ ನಿಲ್ಲಿಸಿದೆ.
ಆಕೆ ಬಂದಳು, ದೊಡ್ಡ ಹೂಜಿಗೆ ಇಷ್ಟು,
ಚಿಕ್ಕದಕ್ಕೆ ಇಷ್ಟು ಅಂದಳು.
ಗುರುತು ಸಿಗಲಿಲ್ಲ. ಚಿಕ್ಕದು ಕೊಂಡೆ.

ತಿರುವಿನಾಚೆ, ಮರಗಳ ಮರೆಗೆ ಬಂದ ಮೇಲೆ
ಹೊಸ ಗುಂಡಿಯನ್ನು ಒಂದೇ ಒಂದು ಸಲ ಒತ್ತಿದೆ.
ನಾಲ್ಕು ಸಲ ಮಿನುಗಲು ಬಿಟ್ಟು, ಆರಿಸಿದೆ.
ಆರುತ್ತದೋ ಇಲ್ಲವೋ ನೋಡಲು,
ಅಷ್ಟೆ.